ತೋಟದ ಕೆಲಸ ಮುಗಿಸಿ ಬಂದವರಿಗೆ ಸಂಜೆ ಪಾಠ: ಯಾವ ಕಲಿಕಾ ಸಿದ್ಧಾಂತ ಎಲ್ಲಿ ಉಪಯೋಗಕ್ಕೆ ಬರುತ್ತೆ?

ಕೇಳಿದವರು, ಸಕಲೇಶಪುರ ತಾಲ್ಲೂಕು:

ನಮ್ಮೂರಿನ ಸ್ತ್ರೀಶಕ್ತಿ ಸಂಘದವರು ಸಂಜೆ ತರಗತಿ ನಡೆಸಿಕೊಡಿ ಅಂತ ಕೇಳಿದ್ದಾರೆ. 22 ಜನ, 28ರಿಂದ 62 ವಯಸ್ಸಿನವರು. ಹೆಚ್ಚಿನವರು ತೋಟದ ಕೆಲಸಕ್ಕೆ ಹೋಗುವವರು, ಕೆಲವರಿಗೆ ಎರಡು ಮೂರು ಎಕರೆ ಸ್ವಂತ ಕಾಫಿ ಇದೆ. ಅರ್ಧ ಜನ ಹೆಬ್ಬೆಟ್ಟು, ಉಳಿದವರು ನಾಲ್ಕನೇ ಐದನೇ ಕ್ಲಾಸಿಗೆ ಬಿಟ್ಟವರು. ವಾರಕ್ಕೆ ಎರಡು ಸಂಜೆ, ಒಂದೂವರೆ ಗಂಟೆ, ಒಟ್ಟು ಎಂಟು ವಾರ. ಅವರಿಗೆ ಬೇಕಿರೋದು ಓದು-ಬರಹ, ಸಂಘದ ಲೆಕ್ಕ ಮತ್ತೆ ಬ್ಯಾಂಕ್ ಚೀಟಿ, ಜೊತೆಗೆ ತೋಟಕ್ಕೆ ಔಷಧಿ ಬೆರೆಸೋ ಅಳತೆ. ಬಿ.ಎಡ್.ನಲ್ಲಿ ಸ್ಕಿನ್ನರ್, ಪಿಯಾಜೆ, ವೈಗೊಟ್‌ಸ್ಕಿ ಎಲ್ಲಾ ಓದಿದ್ದೀನಿ, ಆದರೆ ಉದಾಹರಣೆಗಳೆಲ್ಲ ಮಕ್ಕಳದ್ದೇ. ದೊಡ್ಡವರಿಗೆ ಯಾವುದನ್ನು ಹಿಡಿಯಬೇಕು? ಈ ಕೆಲಸ ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ಹಾಸನ, ವಯಸ್ಕರ ಶಿಕ್ಷಣದ ತರಬೇತಿ ಕೊಡುವವರು:

ಒಂದನ್ನೇ ಹಿಡಿದುಕೊಂಡು ಕೂರಬೇಡಿ ಮೇಡಂ. ಓದು ಕಲಿಸೋದಕ್ಕೆ ಒಂದು, ಅಳತೆ ಕಲಿಸೋದಕ್ಕೆ ಇನ್ನೊಂದು. ದೊಡ್ಡವರ ಕಲಿಕೆ ಅಂದರೆ ಎಲ್ಲರೂ ಮೊದಲು ಹೇಳೋದು ಮಾಲ್ಕಮ್ ನೋಲ್ಸ್ ಹೆಸರು. 'ಆಂಡ್ರಗಾಜಿ' (ದೊಡ್ಡವರಿಗೆ ಕಲಿಸೋ ಕಲೆ) ಅನ್ನೋ ಪದವನ್ನ 1833ರಲ್ಲೇ ಜರ್ಮನಿಯ ಅಲೆಕ್ಸಾಂಡರ್ ಕಾಪ್ ಬಳಸಿದ್ದರು, ಅಮೆರಿಕದಲ್ಲಿ 1968ರಿಂದ ಅದನ್ನು ಓಡಿಸಿದವರು ನೋಲ್ಸ್. ಅವರ ಮಾತಿನ ತಿರುಳು ಇಷ್ಟು: ದೊಡ್ಡವರಿಗೆ ಯಾಕೆ ಕಲಿಬೇಕು ಅನ್ನೋದು ಮೊದಲು ಗೊತ್ತಾಗಬೇಕು, ನಾಳೆಯೇ ಉಪಯೋಗಕ್ಕೆ ಬರಬೇಕು, ಅವರ ಅನುಭವಕ್ಕೆ ಬೆಲೆ ಸಿಗಬೇಕು.

ಇದನ್ನ ಮೊದಲ ಸಂಜೆ ಹೀಗೆ ಇಳಿಸಿ. ಸ್ಲೇಟು ತೆಗೆಯಬೇಡಿ. ಮನೆಯಲ್ಲಿ ಓದೋಕಾಗದೆ ಯಾರನ್ನೋ ಕೇಳಿದ ಒಂದೊಂದು ಕಾಗದ ತರೋಕೆ ಹೇಳಿರಿ: ಪಾಸ್‌ಬುಕ್, ಕರೆಂಟ್ ಬಿಲ್, ಮಾತ್ರೆ ಪಟ್ಟಿ, ಗೊಬ್ಬರದ ಅಂಗಡಿ ರಸೀದಿ, ಸ್ಕೂಲಿಂದ ಬಂದ ನೋಟಿಸ್. ಎಲ್ಲವನ್ನೂ ಚಾಪೆ ಮೇಲೆ ಹರಡಿ, ಯಾವುದು ಯಾವುದರ ಜೊತೆ ಹೋಗುತ್ತೆ ಅಂತ ಅವರೇ ಗುಂಪು ಮಾಡಲಿ. ದೊಡ್ಡ ಗುಂಪು ಯಾವುದೋ ಅದೇ ನಿಮ್ಮ ಮೊದಲ ಎರಡು ವಾರದ ಪಾಠ. "ಏನು ಕಲಿಬೇಕು ಅನ್ಸುತ್ತೆ?" ಅಂತ ಬರೀ ಬಾಯಲ್ಲಿ ಕೇಳಿದರೆ "ನೀವು ಹೇಳ್ಕೊಟ್ಟಿದ್ದು ಟೀಚರ್" ಅನ್ನೋ ಉತ್ತರ ಬಿಟ್ಟರೆ ಬೇರೆ ಬರಲ್ಲ.

ನೋಲ್ಸ್ ಮಾತನ್ನ ಒಂದು ಕಡೆ ಮಾತ್ರ ಪೂರ್ತಿ ನಂಬಬೇಡಿ. ದೊಡ್ಡವರು ತಮ್ಮ ಕಲಿಕೆಯನ್ನ ತಾವೇ ನಡೆಸಿಕೊಳ್ತಾರೆ ಅಂತಾರಲ್ಲ, ತೋಟ ನಡೆಸೋದರಲ್ಲಿ ಅದು ನಿಜ, ಅಕ್ಷರದ ಮುಂದೆ ಕೂತಾಗ ನಿಜವಲ್ಲ. ನೋಲ್ಸ್ ಕೂಡ 1970ರ ಪುಸ್ತಕದಲ್ಲಿ ಮಕ್ಕಳ ಕಲಿಕೆ, ದೊಡ್ಡವರ ಕಲಿಕೆ ಅಂತ ಎದುರುಬದುರು ನಿಲ್ಲಿಸಿದ್ದನ್ನ 1980ರ ಪರಿಷ್ಕರಣೆಯಲ್ಲಿ ಸಡಿಲ ಮಾಡಿದರು. ಮೊದಲ ಮೂರು ವಾರ ಏನು, ಎಷ್ಟು, ಹೇಗೆ ಅನ್ನೋದೆಲ್ಲ ನೀವೇ ಹೇಳಿ. ನಾಲ್ಕನೇ ವಾರದಿಂದ ಕೊನೆಯ 20 ನಿಮಿಷ ಅವರ ಆಯ್ಕೆಗೆ ಬಿಡಿ.

ಇನ್ನೊಂದು, ಹಾಜರಿ ಕೂಗೋದು, ಎದ್ದು ನಿಂತು ಉತ್ತರ ಹೇಳಿಸೋದು ಬೇಡ. ಅಕ್ಕ, ಅಮ್ಮ, ಅಣ್ಣ ಅಂತಲೇ ಮಾತಾಡಿಸಿ. ಶಾಲೆಯಲ್ಲಿ ಬೈಸಿಕೊಂಡು ಬಿಟ್ಟವರಿಗೆ ಆ ದನಿ ಕೇಳಿದರೇ ಸಾಕು, ಮುಂದಿನ ವಾರ 'ಮೈ ಸರಿ ಇಲ್ಲ'.

ಅರಸೀಕೆರೆ, ಸಾಕ್ಷರತಾ ಕಾರ್ಯಕರ್ತೆ:

ಓದಿನ ವಿಷಯ ನಾನು ಹೇಳ್ತೀನಿ. ಅ ಆ ಇ ಈ ಅಂತ ಶುರು ಮಾಡಬೇಡಿ. ವರ್ಣಮಾಲೆ ಮುಗಿಯೋ ಹೊತ್ತಿಗೆ ನಿಮ್ಮ ಎಂಟು ವಾರವೂ ಮುಗಿದಿರುತ್ತೆ, ಒಂದು ಪದವನ್ನೂ ಓದಿರಲ್ಲ. ಸರ್ಕಾರಿ ಶಾಲೆಯ ಸಣ್ಣ ಕ್ಲಾಸುಗಳ ನಲಿ-ಕಲಿ ಪಾಠದ ರ, ಗ, ಸ, ದ, ಅ ಕ್ರಮವೇ ದೊಡ್ಡವರಿಗೂ ಸರಿ. ಐದೇ ಅಕ್ಷರಕ್ಕೆ ದರ, ಸರ, ಅರಸ, ಅಗಸ, ಗರಗಸ ಬಂದುಬಿಡುತ್ತೆ. ಆಮೇಲೆ ಜ, ವ, ಮ, ಬ, ನ ಸೇರಿಸಿದರೆ ಮರ, ದನ, ಜನ, ಗಮನ.

ಇದರೊಳಗೆ 'ದರ' ಅನ್ನೋದನ್ನ ಬಿಡಬೇಡಿ. ಬ್ರೆಜಿಲಿನ ಪಾವ್ಲೊ ಫ್ರೇರೆ 1963ರಲ್ಲಿ ಆಂಜಿಕೋಸ್ ಅನ್ನೋ ಊರಲ್ಲಿ ಸುಮಾರು 300 ಕೂಲಿಕಾರರಿಗೆ 40 ಗಂಟೆಗಳ ಲೆಕ್ಕದಲ್ಲಿ ಓದು ಕಲಿಸಿದ ಕ್ರಮ ಇದೇ ಜಾಡಿನದು. ಜನರ ಬದುಕಿನಲ್ಲಿ ಬಿಸಿ ಇರೋ ಒಂದು ಪದ ತಗೊಳ್ಳೋದು, ಮೊದಲು ಅದರ ಬಗ್ಗೆ ಮಾತು, ಆಮೇಲೆ ಪದ ಒಡೆಯೋದು, ಆಮೇಲೆ ಸ್ವರ ಸೇರಿಸಿ ಸಾಲು ಮಾಡೋದು, ಕೊನೆಗೆ ಆ ತುಂಡುಗಳಿಂದ ಹೊಸ ಪದ ಕಟ್ಟೋದು. ನಮ್ಮ ಕಾಗುಣಿತಕ್ಕೆ ಹೇಳಿ ಮಾಡಿಸಿದ ಹಾಗಿದೆ. ಕಾಫಿ ದರ ಯಾರು ಕಟ್ತಾರೆ, ಕೊಯ್ಲಿಗೆ ಕೆ.ಜಿ. ದರ ಎಷ್ಟು ಅಂತ ಮಾತಾಡಿಸಿ. ದ, ರ ಒಡೆಯಿರಿ. ದಾ ದಿ ದು, ರಾ ರಿ ರು, ಗಾ ಗಿ ಗು, ಸಾ ಸಿ ಸು ಬರೆದು ಕಾರ್ಡು ಕೈಗೆ ಕೊಡಿ. ದಾರಿ, ರಾಗಿ, ಸಾರು, ಗುರಿ ಅವರೇ ಜೋಡಿಸ್ತಾರೆ. 'ರಾಗಿ' ಬಂತು ಅಂದರೆ 'ಸಾರು' ಹುಡುಕೋಕೆ ಯಾರೂ ಹೇಳಬೇಕಾಗಿಲ್ಲ.

ಕೆಡೋದು ಎಲ್ಲಿ ಅಂದರೆ, ದರದ ಮಾತು ಶುರುವಾದರೆ ನಿಲ್ಲಲ್ಲ. 15 ನಿಮಿಷಕ್ಕೆ ಕಡಿಯಿರಿ. ಹೆಸರಿನ ಸಹಿ ಕೂಡ ಬೇರೆ ದಾರಿ ಕೇಳುತ್ತೆ. ಲಕ್ಷ್ಮಮ್ಮ ಅಂತ ಬರೆಯೋಕೆ ಎರಡು ಒತ್ತು ಬೇಕು, ಅದರಲ್ಲೊಂದು ಮೂರು ವ್ಯಂಜನದ್ದು. ಒತ್ತಕ್ಷರ ಬರೋತನಕ ಕಾಯಿಸಬೇಡಿ, ರಂಗೋಲಿ ಕಲಿತ ಹಾಗೆ ಇಡೀ ಹೆಸರನ್ನ ಒಂದು ಚಿತ್ರವಾಗಿ ಮೊದಲ ವಾರವೇ ಕಲಿಸಿ. ಅಕ್ಷರ ಬಿಡಿಸಿ ಅರ್ಥ ಮಾಡಿಕೊಳ್ಳೋದು ಆರನೇ ವಾರಕ್ಕೆ ಇರಲಿ.

ಮೂಡಿಗೆರೆ, ಕೃಷಿ ವಿಸ್ತರಣೆಯವರು:

ಔಷಧಿ ಅಳತೆಗೆ ಬೋರ್ಡೋ ದ್ರಾವಣವನ್ನೇ ಪಾಠ ಮಾಡಿಕೊಳ್ಳಿ, ಕಾಫಿಯವರಿಗೆ ಹೇಗೂ ಬೇಕು. ಕಾಫಿ ಎಲೆ ತುಕ್ಕಿಗೆ ಶೇ. 0.5ರದ್ದು: 1 ಕೆ.ಜಿ. ಮೈಲುತುತ್ತ (ಕಾಪರ್ ಸಲ್ಫೇಟ್), 1 ಕೆ.ಜಿ. ಸುಣ್ಣ, 200 ಲೀಟರ್ ನೀರು. ಇಲ್ಲಿ ಕೆಲಸಕ್ಕೆ ಬರೋದು ಜಾನ್ ಸ್ವೆಲ್ಲರ್ 1988ರಲ್ಲಿ ಮುಂದಿಟ್ಟ 'ಅರಿವಿನ ಹೊರೆ'ಯ ಸಿದ್ಧಾಂತ. ಹೊಸ ವಿಷಯವನ್ನ ತಲೆ ಒಂದು ಸಲಕ್ಕೆ ಹಿಡಿದಿಟ್ಟುಕೊಳ್ಳೋದು ಬಹಳ ಕಮ್ಮಿ. 1956ರಲ್ಲಿ ಜಾರ್ಜ್ ಮಿಲ್ಲರ್ ಏಳು ಸಂಗತಿಗಳ ಆಸುಪಾಸು ಅಂದಿದ್ದರು, 2001ರಲ್ಲಿ ನೆಲ್ಸನ್ ಕವನ್ ಅದನ್ನ ನಾಲ್ಕಕ್ಕೆ ಇಳಿಸಿದರು. ಶೇಕಡಾ ಲೆಕ್ಕ, ಬೆರೆಸೋ ಕ್ರಮ, ಪರೀಕ್ಷೆ, ಎಚ್ಚರಿಕೆ ಎಲ್ಲಾ ಒಂದೇ ಸಂಜೆ ಸುರಿದರೆ ಒಂದೂ ನಿಲ್ಲಲ್ಲ.

ಮೊದಲ ಸಂಜೆ ಲೆಕ್ಕ ಬೇಡ, ಬರೀ ಕೈ. ಎರಡು ಪ್ಲಾಸ್ಟಿಕ್ ಮಗ್ಗಿನಲ್ಲಿ ಅರ್ಧರ್ಧ ಲೀಟರ್ ನೀರು. ಒಂದಕ್ಕೆ 5 ಗ್ರಾಂ ಮೈಲುತುತ್ತ ಹಾಕಿ ಪೂರ್ತಿ ಕರಗಿಸಿ. ಇನ್ನೊಂದಕ್ಕೆ 5 ಗ್ರಾಂ ಸುಣ್ಣ ಕಲಸಿ ಸೋಸಿ. ಮೈಲುತುತ್ತದ ನೀರನ್ನ ಸುಣ್ಣದ ನೀರಿಗೆ ಸುರಿಯುತ್ತಾ ಕಲಕಿ, ಉಲ್ಟಾ ಬೇಡ. ಉಲ್ಟಾ ಆದರೆ ಕಣ ದಪ್ಪ ಆಗಿ ಬೇಗ ತಳ ಕೂರುತ್ತೆ, ಎಲೆಗೂ ಸರಿಯಾಗಿ ಅಂಟಲ್ಲ. ಆಮೇಲೆ ಉಜ್ಜಿ ತೊಳೆದ ಕಬ್ಬಿಣದ ಚಾಕು ಅದ್ದಿ ಸ್ವಲ್ಪ ಹೊತ್ತು ಬಿಡಿ. ತುದಿಗೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು ಅಂತ, ಇನ್ನಷ್ಟು ಸುಣ್ಣದ ನೀರು ಸೇರಿಸಿ. ಹಾಗೇ ಹೊಡೆದರೆ ಎಲೆ ಸುಡುತ್ತೆ. ಕಬ್ಬಿಣದ ಬಕೆಟ್ ಬೇಡ, ಬೆರೆಸಿದ್ದನ್ನ ಅವತ್ತೇ ಮುಗಿಸಬೇಕು, ಕೈಗೆ ಗ್ಲೌಸ್ ಇರಲೇಬೇಕು.

ಕಲಿಸೋ ಕ್ರಮ: ಮೊದಲ ಸಲ ಪೂರ್ತಿ ನೀವೇ ಮಾಡಿ ತೋರಿಸಿ. ಎರಡನೇ ಸಲ ಚಾಕು ಅದ್ದೋತನಕ ನೀವು, ಚಾಕುವಿನಿಂದ ಅವರು. ಮೂರನೇ ಸಲ ಸುರಿಯೋದರಿಂದಲೇ ಅವರು. ಹೀಗೆ ಹಿಂದಿನಿಂದ ಮುಂದಕ್ಕೆ ಬಿಟ್ಟುಕೊಡಿ. ಆಸರೆ ಕೊಟ್ಟು ನಿಧಾನಕ್ಕೆ ತೆಗೆಯೋದು ಅಂತ ವುಡ್, ಬ್ರೂನರ್, ರಾಸ್ 1976ರಲ್ಲಿ ಬರೆದದ್ದೂ ಇದೇ ದಾರಿ. ಲೆಕ್ಕ ಎರಡನೇ ಸಂಜೆ: 1 ಲೀಟರಿಗೆ 5 ಗ್ರಾಂ ಆದರೆ 20 ಲೀಟರಿಗೆ? 100 ಗ್ರಾಂ ಅಂತ ಬಾಯಲ್ಲೇ ಬರುತ್ತೆ. 200 ಲೀಟರಿನ ಡ್ರಮ್ಮಿಗೆ ಹೋಗೋದು ಆಮೇಲೆ. ಅಡಿಕೆ ಕೊಳೆರೋಗಕ್ಕೆ ಶೇ. 1, ಅಂದರೆ ಇದರ ಎರಡರಷ್ಟು. ಅಡಿಕೆಯ ಅಳತೆ ನೆನಪಿಟ್ಟುಕೊಂಡು ಕಾಫಿಗೆ ಬೆರೆಸೋದು ಮಾಮೂಲಿ ಎಡವಟ್ಟು, ಅದಕ್ಕೇ ಎರಡೂ ಅಳತೆಯನ್ನ ಒಂದೇ ದಿನ ಹೇಳಬೇಡಿ.

ನಿಮ್ಮ ಗುಂಪಿನಲ್ಲಿ ವರ್ಷಗಟ್ಟಲೆ ಬೋರ್ಡೋ ಹೊಡೆದವರೂ ಇರ್ತಾರೆ. ಹಂತ ಹಂತದ ಪಾಠ ಅವರಿಗೆ ಬೇಜಾರು ಮಾತ್ರ ಅಲ್ಲ, ಅಡ್ಡಿ ಕೂಡ. ಅನುಭವಿಗಳಿಗೆ ಅತಿ ಆಸರೆ ಕಲಿಕೆಯನ್ನ ಕುಗ್ಗಿಸುತ್ತೆ ಅಂತ ಇದೇ ಸಿದ್ಧಾಂತದವರು ತೋರಿಸಿದ್ದಾರೆ. ಅವರಿಗೆ ಬೇಕಂತಲೇ ಕೆಡಿಸಿದ ದ್ರಾವಣ ಕೊಟ್ಟು "ಇದಕ್ಕೇನಾಗಿದೆ ಹೇಳಿ" ಅನ್ನಿ. ಗಾಳಿಗೆ ಬಿದ್ದು ಸತ್ವ ಹೋದ ಹಳೇ ಸುಣ್ಣ ಹಾಕಿದರೆ ಸಾಕು, ಚಾಕು ಕೆಂಪಾಗುತ್ತೆ. ಆಮೇಲೆ ಯಾಕೆ ಅನ್ನೋ ಚರ್ಚೆ ಬಿಡಬೇಡಿ. ಡೇವಿಡ್ ಕೋಲ್ಬ್ 1984ರಲ್ಲಿ ಹೇಳಿದ ಚಕ್ರದಲ್ಲಿ ಮಾಡೋದು, ಹಿಂತಿರುಗಿ ನೋಡೋದು, ಸೂತ್ರ ಕಾಣೋದು, ಮತ್ತೆ ಮಾಡಿ ನೋಡೋದು ಅಂತ ನಾಲ್ಕು ಇವೆ. ನಮ್ಮ ಪ್ರಾತ್ಯಕ್ಷಿಕೆಗಳಲ್ಲಿ ಎರಡನೆಯದು ಯಾವಾಗಲೂ ಕಾಫಿ-ಬಿಸ್ಕೆಟ್ಟಿಗೆ ಬಲಿಯಾಗುತ್ತೆ.

ಬೇಲೂರು:

ಸಿದ್ಧಾಂತಕ್ಕೆ ಮೊದಲು ಕಣ್ಣು. 40 ದಾಟಿದ ಮೇಲೆ ಹತ್ತಿರದ್ದು ಮಸುಕಾಗೋದು ಸಹಜ, ದೂರದ ಗಿಡದ ಹಣ್ಣು ಚೆನ್ನಾಗೇ ಕಾಣೋದರಿಂದ ಅವರಿಗೇ ಗೊತ್ತಿರಲ್ಲ. ಪುಸ್ತಕವನ್ನ ಕೈ ಚಾಚಿ ಹಿಡಿಯೋರನ್ನ ಗುರುತು ಹಾಕಿ, ಮೊದಲ ವಾರವೇ ತಾಲ್ಲೂಕು ಆಸ್ಪತ್ರೆಗೆ ಕಳಿಸಿ. ಅಕ್ಷರ ದಪ್ಪ ಇರಲಿ, ಬೆಳಕು ತಲೆ ಹಿಂದಿನಿಂದ ಬೀಳದ ಹಾಗೆ ಕೂರಿಸಿ.

ಕೇಳಿದವರು:

ಕಣ್ಣಿನ ವಿಷಯ ನನಗೆ ಹೊಳೆದೇ ಇರಲಿಲ್ಲ. ಇನ್ನೆರಡು ಪ್ರಶ್ನೆ. "ಈ ವಯಸ್ಸಲ್ಲಿ ನಂಗೆಲ್ಲಿ ತಲೆಗೆ ಹತ್ತುತ್ತೆ ಬಿಡವ್ವ" ಅನ್ನೋರಿಗೆ ಏನು ಹೇಳಲಿ? ಮತ್ತೆ, ವಾರದ ಕೂಲಿ ಬಾಯಲ್ಲೇ ಚಕ್ ಅಂತ ಹೇಳೋರು ಅದನ್ನೇ ಕೂಡೋಕೆ ಬರೆದುಕೊಟ್ಟರೆ ಸುಮ್ಮನಾಗ್ತಾರಲ್ಲ, ಯಾಕೆ?

ಹಾಸನ, ಮೊದಲು ಬರೆದವರು:

ಎರಡನೆಯದಕ್ಕೆ ಮೊದಲು. 1985ರಲ್ಲಿ ಬ್ರೆಜಿಲಿನ ರೆಸಿಫೆಯಲ್ಲಿ ಬೀದಿಯಲ್ಲಿ ಮಾರುವ ಐದು ಮಕ್ಕಳ ಮೇಲೆ ಒಂದು ಅಧ್ಯಯನ ಬಂತು. ವ್ಯಾಪಾರದ ನಡುವೆ ಕೇಳಿದ ಲೆಕ್ಕದಲ್ಲಿ ಶೇ. 98 ಸರಿ, ಅವೇ ಸಂಖ್ಯೆಯನ್ನ ಬರೀ ಲೆಕ್ಕವಾಗಿ ಕೊಟ್ಟಾಗ ಶೇ. 37. ಸಣ್ಣ ಅಧ್ಯಯನ, ಮಕ್ಕಳದ್ದು, ಆದರೆ ನಿಮಗೆ ಕಾಣ್ತಿರೋದೂ ಇದೇ. ಬಾಯಿಲೆಕ್ಕದಲ್ಲಿ ನೂರರಿಂದ ಕೆಳಗೆ ಬರ್ತಾರೆ, ಕಾಗದದಲ್ಲಿ ನಾವು ಬಿಡಿಯಿಂದ ಮೇಲೆ ಹೋಗಿಸ್ತೀವಿ. ದಾರಿಯೇ ಉಲ್ಟಾ. 475ಕ್ಕೆ 450 ಕೂಡೋರು ಮೊದಲು 400 ಮತ್ತು 400, ಎಂಟುನೂರು ಅಂತಾರೆ, ಆಮೇಲೆ 75 ಮತ್ತು 50, ನೂರಿಪ್ಪತ್ತೈದು, ಒಟ್ಟು 925. ಅವರು ಹೇಳಿದ ಹಾಗೇ ಸಾಲಾಗಿ ಬರೆಸಿ. ದಶಕ ಏರಿಸೋದು ಆಮೇಲೆ ಕಲಿಸಿ, ಅದೂ ಸಂಘದ ಉಳಿತಾಯ ಪುಸ್ತಕದ ಕಾಲಂ ಮೇಲೇ. ಬ್ಯಾಂಕಿನ ಹಣ ತೆಗೆಯೋ ಚೀಟಿಗೆ ನಿಜವಾದ ಖಾಲಿ ಚೀಟಿಯನ್ನೇ ತನ್ನಿ, ತಲಾ ಮೂರಾದರೂ ಕೆಡಿಸಲಿ. ಅಂಕಿಯಲ್ಲಿ ಬರೆದದ್ದನ್ನ ಅಕ್ಷರದಲ್ಲಿ ಬರೆಯೋ ಜಾಗದಲ್ಲೇ ಎಲ್ಲರೂ ನಿಲ್ಲೋದು.

ವಯಸ್ಸಿನ ಮಾತಿಗೆ ಭಾಷಣ ಕೆಲಸ ಮಾಡಲ್ಲ. ದೊಡ್ಡವರು ಕಲಿಯಬಲ್ಲರು ಅಂತ ಥಾರ್ನ್‌ಡೈಕ್ 1928ರಲ್ಲೇ ಪುಸ್ತಕ ಬರೆದಿದ್ದಾರೆ, ಅದನ್ನ ಅಜ್ಜಿಗೆ ಹೇಳಿ ಏನುಪಯೋಗ? ಆಲ್ಬರ್ಟ್ ಬಂಡೂರಾ 1977ರಲ್ಲಿ ನನ್ನ ಕೈಲಾಗುತ್ತೆ ಅನ್ನೋ ನಂಬಿಕೆಗೆ ನಾಲ್ಕು ಮೂಲ ಹೇಳಿದರು: ತಾನೇ ಮಾಡಿ ಗೆದ್ದಿದ್ದು, ತನ್ನಂಥವರು ಗೆದ್ದದ್ದನ್ನ ನೋಡಿದ್ದು, ಬೇರೆಯವರ ಹುರಿದುಂಬಿಸೋ ಮಾತು, ಮೈಮನಸ್ಸಿನ ಸ್ಥಿತಿ. ಗಟ್ಟಿ ಮೊದಲನೆಯದು, ಮಾತು ತೀರಾ ಸಡಿಲ. ಅದಕ್ಕೇ ಮೊದಲ ಸಂಜೆಯೇ ಒಂದು ಗೆಲುವು ಕೈಗೆ ಹಾಕಿ ಕಳಿಸಿ: ತನ್ನ ಹೆಸರಿನ ಮೊದಲಕ್ಷರವನ್ನ ತನ್ನದೇ ಪಡಿತರ ಚೀಟಿಯಲ್ಲಿ ಹುಡುಕೋದು ಸಾಕು. ಎರಡನೆಯದಕ್ಕೆ ಕಾಲೇಜು ಓದಿದ ಹುಡುಗಿಯನ್ನ ಮಾದರಿ ಮಾಡಬೇಡಿ, ಅದೇ ಪ್ರಾಯದ, ಅದೇ ಕೆಲಸದ, ಎರಡು ವಾರ ಮುಂದಿರೋ ಹೆಂಗಸನ್ನ ಪಕ್ಕ ಕೂರಿಸಿ.

ಚಿಕ್ಕಮಗಳೂರು:

ಒಂದೆರಡು ಬೇಡದ ಸಾಮಾನು ಹೇಳಿಬಿಡ್ತೀನಿ, ತರಬೇತಿಗಳಲ್ಲಿ ಇನ್ನೂ ಹಂಚ್ತಾರೆ. ನೋಡಿ ಕಲಿಯೋರು, ಕೇಳಿ ಕಲಿಯೋರು, ಮಾಡಿ ಕಲಿಯೋರು ಅಂತ ಜನರನ್ನ ವಿಂಗಡಿಸಬೇಡಿ. ಹಾಗೆ ವಿಂಗಡಿಸಿ ಕಲಿಸಿದರೆ ಲಾಭ ಅನ್ನೋದಕ್ಕೆ ಸಾಕಷ್ಟು ಆಧಾರ ಇಲ್ಲ ಅಂತ 2008ರಲ್ಲಿ ಪ್ಯಾಶ್ಲರ್ ಮತ್ತು ಸಂಗಡಿಗರು ಪರಿಶೀಲಿಸಿ ಹೇಳಿದ್ದಾರೆ. 'ಓದಿದ್ದು ಶೇ. 10, ಮಾಡಿದ್ದು ಶೇ. 90 ನೆನಪಿರುತ್ತೆ' ಅನ್ನೋ ಶಂಕುವಿನ ಚಿತ್ರವೂ ಬೇಡ. ಎಡ್ಗರ್ ಡೇಲ್ 1946ರಲ್ಲಿ ಬರೆದ ಮೂಲ ಚಿತ್ರದಲ್ಲಿ ಆ ಅಂಕಿಗಳೇ ಇರಲಿಲ್ಲ.

ಸ್ಕಿನ್ನರನ್ನ ಮಾತ್ರ ಪೂರ್ತಿ ಬಿಸಾಡಬೇಡಿ. ಯೋಚನೆ ಮಾಡದೆ ಕೈಗೆ ಬರಬೇಕಾದ ಅಭ್ಯಾಸಕ್ಕೆ ಅವನ ದಾರಿಯೇ ಸರಿ: ಸಣ್ಣ ಹೆಜ್ಜೆ, ಪದೇ ಪದೇ, ಸರಿಯೋ ತಪ್ಪೋ ತಕ್ಷಣ ಹೇಳೋದು. ಫೋನಿನ ವಿಷಯ ಬಂದರೆ 'ದುಡ್ಡು ಬರೋಕೆ ಪಿನ್ ಹಾಕೋದು ಬೇಡ' ಅನ್ನೋದನ್ನ ಪ್ರತಿ ಸಂಜೆ ಒಂದು ಸುಳ್ಳು ಕರೆಯ ಆಟ ಆಡಿಸಿ ಗಟ್ಟಿ ಮಾಡಿಸಿ. ಅಲ್ಲಿ ಚರ್ಚೆ ಸಾಲದು.

ಅರಸೀಕೆರೆ, ಸಾಕ್ಷರತಾ ಕಾರ್ಯಕರ್ತೆ:

ಮರೆವಿನ ಬಗ್ಗೆ ಯಾರೂ ಬರೆದಿಲ್ಲ. ವಾರಕ್ಕೆ ಎರಡು ಸಂಜೆ ಅಂದಿರಲ್ಲ, ಸೋಮವಾರ ಮಂಗಳವಾರ ಇಡಬೇಡಿ, ಸೋಮವಾರ ಗುರುವಾರ ಇಡಿ. ನಡುವೆ ಅಂತರ ಇದ್ದಷ್ಟೂ ಒಳ್ಳೇದು. ಪ್ರತಿ ಸಂಜೆ ಮೊದಲ ಹತ್ತು ನಿಮಿಷ ಪುಸ್ತಕ ಮುಚ್ಚಿ ಹಿಂದಿನದ್ದನ್ನ ಬರೆಸಿ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಮಾಡಿದ ಪ್ರಯೋಗದಲ್ಲಿ ಮತ್ತೆ ಓದಿದವರು ಐದು ನಿಮಿಷದ ನಂತರ ಮುಂದಿದ್ದರು. ಒಂದು ವಾರದ ನಂತರ ಮಾತ್ರ ನೆನಪಿನಿಂದ ಬರೆದವರಿಗೆ ಶೇ. 56 ನೆನಪಿತ್ತು, ಮತ್ತೆ ಓದಿದವರಿಗೆ ಶೇ. 42. ಅದನ್ನ 'ಟೆಸ್ಟ್' ಅಂತ ಕರೆಯಬೇಡಿ, ಅಂಕ ಹಾಕಬೇಡಿ.

ತಿಂಗಳು ನೋಡಿಕೊಳ್ಳಿ. ಜುಲೈನಲ್ಲಿ ನಿಮ್ಮ ಕಡೆ ಮಳೆಗೆ ಕರೆಂಟ್ ನೆಚ್ಚೋಕಾಗಲ್ಲ, ನವೆಂಬರಿಂದ ಅರೇಬಿಕಾ ಕೊಯ್ಲು, ಅದು ಮುಗಿಯೋ ಹೊತ್ತಿಗೆ ರೋಬಸ್ಟಾ. ಗೌರಿ-ಗಣೇಶ ಮುಗಿದ ಮೇಲೆ ಶುರು ಮಾಡಿದರೆ ದೀಪಾವಳಿ ಹೊತ್ತಿಗೆ ಎಂಟು ವಾರ ಹೆಚ್ಚುಕಮ್ಮಿ ಕೂರುತ್ತೆ. ಹಾಸನಾಂಬೆ ಬಾಗಿಲು ತೆಗೆದ ದಿನಗಳಲ್ಲಿ ಹೊಸ ಪಾಠ ಇಟ್ಟುಕೊಳ್ಳಬೇಡಿ, ಅರ್ಧ ಜನ ಕ್ಯೂನಲ್ಲಿರ್ತಾರೆ.

ಕೊನೆಗೆ ಪ್ರಮಾಣಪತ್ರ ಬೇಕು ಅನ್ನೋರಿದ್ದರೆ ಉಲ್ಲಾಸ್ ಯೋಜನೆಯಲ್ಲಿ ಹೆಸರು ಬರೆಸಿ. 2022ರಿಂದ 2027ರವರೆಗಿನ ಕೇಂದ್ರದ ಕಾರ್ಯಕ್ರಮ, 15 ವರ್ಷ ದಾಟಿದ ಅನಕ್ಷರಸ್ಥರಿಗೆ. ಪರೀಕ್ಷೆ 150 ಅಂಕಕ್ಕೆ, ಓದು, ಬರಹ, ಲೆಕ್ಕ ತಲಾ 50. ಐದನೇ ಕ್ಲಾಸಿಗೆ ಬಿಟ್ಟವರನ್ನ ಅದರಲ್ಲಿ ಸೇರಿಸೋಕೆ ಹೋಗಬೇಡಿ, ಅವರಿಗೆ ಸಂಘದ ನಡಾವಳಿ ಪುಸ್ತಕ ಬರೆಯೋ ಕೆಲಸ ಕೊಡಿ, ಸರದಿ ಮೇಲೆ, ಮೂರನೇ ವಾರದಿಂದಲೇ.