‘ಸ್ಕೋಪ್’: ವ್ಯಾಪ್ತಿಯೋ, ಚಕ್ಕುಬಂದಿಯೋ?

ಮಾನ್ಯರೇ,

ಪರಿಚಿತರೊಬ್ಬರ ಮನೆಯಲ್ಲಿರುವ ಹಳೆಯ ಕನ್ನಡ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಉಳಿಸುವ ಪ್ರಾಜೆಕ್ಟೊಂದಕ್ಕೆ ನಾವು ಕೆಲವರು ಒಪ್ಪಂದದ ಕರಡನ್ನು ಕನ್ನಡದಲ್ಲಿಯೇ ಬರೆಯುತ್ತಿದ್ದೇವೆ. ಅದರಲ್ಲಿ ಯಾವ ಕೆಲಸ ಸೇರಿದೆ, ಯಾವುದು ಸೇರಿಲ್ಲ ಎಂದು ಹೇಳುವ ‘ಸ್ಕೋಪ್’ ಎಂಬ ಭಾಗಕ್ಕೆ ಯಾವ ತಲೆಬರಹ ಕೊಡಬೇಕೆಂಬಲ್ಲಿ ಸಿಕ್ಕಿಕೊಂಡಿದ್ದೇವೆ.

ರೂಢಿಯ ಪದ ‘ವ್ಯಾಪ್ತಿ’. ‘ಕಾಮಗಾರಿಯ ವ್ಯಾಪ್ತಿ’, ‘ಠಾಣಾ ವ್ಯಾಪ್ತಿ’, ‘ಪಾಲಿಕೆ ವ್ಯಾಪ್ತಿ’ ಎಂದೆಲ್ಲ ಓದುತ್ತಲೇ ಇರುತ್ತೇವೆ. ಆದರೆ ‘ವ್ಯಾಪಿಸು’ ಎಂಬುದರ ಛಾಯೆ ಅದರಲ್ಲಿ ಇರುವುದರಿಂದ ಹರಡಿಕೊಳ್ಳುವ ಅರ್ಥವೇ ಮುಂದಾಗಿ, ಎಲ್ಲಿ ನಿಲ್ಲಬೇಕೆಂಬುದು ಹಿಂದೆ ಬೀಳುತ್ತದೆ. (ತರ್ಕಶಾಸ್ತ್ರ ಓದಿದವರಿಗಂತೂ ವ್ಯಾಪ್ತಿ ಎಂದೊಡನೆ ನೆನಪಾಗುವುದು ಹೊಗೆಯಿದ್ದಲ್ಲೆಲ್ಲ ಬೆಂಕಿ ಇದ್ದೇ ಇರುತ್ತದೆ ಎಂಬ ನಿಯತ ಸಂಬಂಧ.) ‘ಹರವು’ ಅಚ್ಚಗನ್ನಡವೆಂದು ಇಷ್ಟವಾದರೂ ಅದಕ್ಕೂ ಇದೇ ತೊಡಕು.

ನನಗೆ ಹೊಳೆದದ್ದು ಕ್ರಯಪತ್ರಗಳ ‘ಚಕ್ಕುಬಂದಿ’. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ಸರ್ಕಾರಿ ರಸ್ತೆ ಎಂದು ಬರೆಯುವಾಗ, ಮಾರುವ ಸ್ವತ್ತನ್ನು ಅದಕ್ಕೆ ಸೇರದ ನಾಲ್ಕರಿಂದಲೇ ಗುರುತಿಸುತ್ತೇವೆ. ನಮಗೆ ಬೇಕಾದದ್ದೂ ಅದೇ. ಪುಟಗಳನ್ನು ಸ್ಕ್ಯಾನ್ ಮಾಡುವುದು, ಸಂಚಿಕೆವಾರು ವಿಷಯಸೂಚಿ ಸಿದ್ಧಪಡಿಸುವುದು ಎಂದಷ್ಟೇ ಬರೆದು ಬಿಟ್ಟರೆ, ಲೇಖನಗಳನ್ನು ಟೈಪು ಮಾಡಿಸಿ ಕರಡು ತಿದ್ದಿಕೊಡುವುದೂ ನಮ್ಮ ಹೊಣೆಯೆಂದು ನಾಳೆ ಯಾರಾದರೂ ತಿಳಿದಾರು. ಅದು ಸೇರಿಲ್ಲ, ಹರಿದ ಪುಟಗಳ ದುರಸ್ತಿಯೂ ಸೇರಿಲ್ಲ ಎಂದು ಕಾಣಿಸಿದಾಗಲೇ ಕೆಲಸದ ಎಲ್ಲೆ ಖಚಿತವಾಗುವುದು.

ಇದರ ಬೆನ್ನಿಗೇ ಬರುವ ಪ್ರಶ್ನೆ ‘ಸ್ಕೋಪ್ ಕ್ರೀಪ್’. ಒಪ್ಪಿದ ಸಮಯ ಮತ್ತು ಹಣವನ್ನು ಹೆಚ್ಚಿಸದೆ, ‘ಇದೊಂದು ಮಾಡಿಬಿಡಿ’ ಎನ್ನುತ್ತ ಕೆಲಸವನ್ನು ಚೂರುಚೂರೇ ಬೆಳೆಸುವುದಕ್ಕೆ ಹಾಗೆನ್ನುತ್ತಾರೆ. ‘ವ್ಯಾಪ್ತಿ ತೆವಳುವಿಕೆ’ ಎಂಬ ಅನುವಾದ ನಗೆ ತರಿಸುತ್ತದೆ. ಚಕ್ಕುಬಂದಿಯನ್ನು ಒಪ್ಪಿದರೆ ‘ಒತ್ತುವರಿ’ ತಾನಾಗಿಯೇ ಜೊತೆಗೆ ಬರುತ್ತದೆ. ಕೆರೆ ಒತ್ತುವರಿಯ ಸುದ್ದಿಗಳಿಂದಾಗಿ ಆ ಪದಕ್ಕೆ ಅಕ್ರಮದ ಕಳಂಕ ಅಂಟಿದೆ ಎನ್ನುವುದು ನಿಜ. ಆದರೂ ಪ್ರತಿವರ್ಷ ಉಳುವಾಗ ಪಕ್ಕದ ಹೊಲದ ಬದುವನ್ನು ಒಂದೊಂದೇ ಸಾಲು ಒತ್ತುತ್ತ ಹೋಗುವ ಚಿತ್ರ ಇಲ್ಲಿಗೆ ಎಷ್ಟು ಸರಿಯಾಗಿ ಹೊಂದುತ್ತದೆಂದರೆ, ಅದನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ.

‘ಕೆಲಸದ ಚಕ್ಕುಬಂದಿ’ ಎಂಬ ತಲೆಬರಹ ಜಮೀನಿನ ವ್ಯವಹಾರ ಅರಿಯದ ಓದುಗರಿಗೆ ದಾಟೀತೇ, ಅಥವಾ ‘ವ್ಯಾಪ್ತಿ ಮತ್ತು ಎಲ್ಲೆ’ ಎಂದು ಜೋಡಿಸುವುದೇ ಲೇಸೇ? ‘ಚಕ್ಕುಬಂದಿ’, ‘ಚೆಕ್ಕುಬಂದಿ’ ಎಂಬ ಎರಡೂ ರೂಪಗಳನ್ನು ದಸ್ತಾವೇಜುಗಳಲ್ಲಿ ಕಂಡಿದ್ದೇನೆ. ಬಲ್ಲವರು ಯಾವುದನ್ನು ಬಳಸುತ್ತಾರೆಂಬುದನ್ನೂ ತಿಳಿಸಬೇಕಾಗಿ ಕೋರುತ್ತೇನೆ.