ಲೈಬ್ರರಿಯನ್ನು ಪರದೆಗೆ ‘ಅಳವಡಿಸುವುದೋ’, ‘ಒಗ್ಗಿಸುವುದೋ’?

ಎಲ್ಲರಿಗೂ ನಮಸ್ಕಾರ.

ಮೈಕ್ರೋಕಂಟ್ರೋಲರ್ (ಒಂದೇ ಚಿಪ್ಪಿನ ಪುಟ್ಟ ಕಂಪ್ಯೂಟರ್) ಜೊತೆ ಹವ್ಯಾಸಕ್ಕೆ ಬಳಸುವ ಚಿಕ್ಕ ಪರದೆಗಳಿಗೆ ಗ್ರಾಫಿಕ್ಸ್ ಲೈಬ್ರರಿಯನ್ನು (ಚಿತ್ರ ಬರೆಯುವ ಸಿದ್ಧ ಕೋಡಿನ ಕಟ್ಟು) ಪೋರ್ಟ್ ಮಾಡುವ, ಅಂದರೆ ಹೊಸ ಪರದೆಯಲ್ಲಿ ನಡೆಯುವ ಹಾಗೆ ತಿದ್ದುವ ಬಗ್ಗೆ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಅದರಲ್ಲಿ ಎಲ್ಲಿ ನೋಡಿದರೂ ‘ಅಳವಡಿಸು’ ಬಂದು ಕೂರುತ್ತಿದೆ. ಲೈಬ್ರರಿಯನ್ನು ಕಂಪ್ಯೂಟರಿಗೆ ಹಾಕಿಕೊಳ್ಳುವುದೂ ಅಳವಡಿಸುವುದೇ, ಅದಕ್ಕೊಂದು ಫಂಕ್ಷನ್ (ಒಂದು ಕೆಲಸ ಮಾಡುವ ಕೋಡಿನ ತುಣುಕು) ಬರೆದು ಸೇರಿಸುವುದೂ ಅಳವಡಿಸುವುದೇ, ಹೊಸ ಪರದೆಯಲ್ಲಿ ನಡೆಯುವ ಹಾಗೆ ಅದನ್ನು ತಿದ್ದುವುದೂ ಅಳವಡಿಸುವುದೇ. ಓದುವವರ ಗತಿ ಏನು?

ನನಗೆ ಪದ ಬೇಕಿರೋದು ಈ ಮೂರನೆಯದಕ್ಕೆ. ಅಡಾಫ್ರೂಟ್ ಜಿಎಫ್‌ಎಕ್ಸ್ ತರಹದ ಲೈಬ್ರರಿಗೆ ಗೆರೆ, ವೃತ್ತ, ಅಕ್ಷರ ಬರೆಯೋದೆಲ್ಲ ಮೊದಲೇ ಗೊತ್ತು. ಗೊತ್ತಿಲ್ಲದ್ದು ನಿಮ್ಮ ಪರದೆಯಲ್ಲಿ ಒಂದು ಚುಕ್ಕೆ ಮೂಡಿಸುವುದು ಹೇಗೆ ಅನ್ನೋದು. ಡ್ರಾಪಿಕ್ಸೆಲ್ ಅನ್ನುವ ಆ ಒಂದು ಫಂಕ್ಷನ್ ಬರೆದುಕೊಟ್ಟರೆ ಉಳಿದದ್ದು ಅದರ ಮೇಲೇ ನಡೆಯುತ್ತದೆ. ನಿಧಾನ ಅನ್ನಿಸಿದರೆ ಅಡ್ಡಗೆರೆ ಎಳೆಯುವ, ಆಯತ ತುಂಬುವ ಫಂಕ್ಷನ್‌ಗಳನ್ನೂ ಬೇರೆ ಬರೆಯಬಹುದು. ಪರದೆಗಳೋ, ಒಂದೊಂದಕ್ಕೆ ಒಂದೊಂದು ಚಾಳಿ. ಎಸ್‌ಎಚ್1106 ಎಂಬ, ಪರದೆ ನಡೆಸುವ ಚಿಪ್ಪಿನ ಮೆಮೊರಿಯಲ್ಲಿ 132 ಕಾಲಂ, ಗಾಜಿನ ಮೇಲೆ ಸಾಮಾನ್ಯವಾಗಿ ಕಾಣೋದು 128. ಉಳಿದ ನಾಲ್ಕು ಸಾಮಾನ್ಯವಾಗಿ ಎರಡು ಬದಿಗೆ ಎರಡೆರಡು. ಎಡಗಡೆಯ ಆ ಎರಡು ಕಾಲಂ ಲೆಕ್ಕಕ್ಕೆ ಹಿಡಿಯದಿದ್ದರೆ ಚಿತ್ರ ಪಕ್ಕಕ್ಕೆ ಸರಿದು ಅಂಚಿನಲ್ಲಿ ಕಸ ಕಾಣುತ್ತದೆ.

ಇಂಥ ಕೆಲಸಕ್ಕೆ ನನಗೆ ‘ಒಗ್ಗಿಸು’ ಹಿಡಿಸಿದೆ. ನೀರು ಒಗ್ಗಲಿಲ್ಲ, ಹವೆ ಒಗ್ಗಿತು ಅಂತೀವಲ್ಲ, ಅದೇ. ಒಳಗಿನದು ಹಾಗೇ ಇದ್ದು ಹೊಸ ಜಾಗಕ್ಕೆ ಹೊಂದಿಕೊಂಡಿತು ಅನ್ನೋ ಅರ್ಥ ತಾನಾಗೇ ಬರುತ್ತೆ. ‘ಹೊಂದಿಸು’ ಅಂದರೆ ಸುಮ್ನೆ ಸೆಟ್ಟಿಂಗ್ಸ್ ಬದಲಾಯಿಸಿದ ಹಾಗೆ. ‘ಮಾರ್ಪಡಿಸು’ ಅಂದರೆ ಏನು ಬೇಕಾದರೂ ಆಗಬಹುದು. ಪೋರ್ಟ್ ಅಂತಲೇ ಬಿಡೋಣ ಅಂದರೆ ಕೇಬಲ್ ಸಿಕ್ಕಿಸುವ ಪೋರ್ಟೂ ಪಕ್ಕದ ಸಾಲಿನಲ್ಲೇ ಇರುತ್ತೆ.

ಇನ್ನೊಂದು ತೊಡಕು ‘ಪೇಜ್’. 128×64 ಚುಕ್ಕೆಯ ಎಸ್‌ಎಸ್‌ಡಿ1306 ಚಿಪ್ಪಿನ ಪರದೆಯಲ್ಲಿ ಪೇಜ್ ಅಂದರೆ ಪೂರ್ತಿ ಪರದೆ ಅಲ್ಲ, ಎಂಟು ಸಾಲಿನ ಒಂದು ಅಡ್ಡ ತುಂಡು. ಅದರಲ್ಲಿ ಒಂದೊಂದು ಬೈಟ್ ಮೇಲಿಂದ ಕೆಳಕ್ಕೆ ಎಂಟು ಚುಕ್ಕೆ ಹಿಡಿಯುತ್ತದೆ. ಇಡೀ ಚಿತ್ರಕ್ಕೆ 1024 ಬೈಟ್ ಬೇಕು. ಆರ್ಡುಯಿನೊ ಊನೊ ಆರ್3 ಎಂಬ ಮೈಕ್ರೋಕಂಟ್ರೋಲರ್ ಬೋರ್ಡಿನಲ್ಲಿ ರ‍್ಯಾಮ್ ಇರೋದೇ 2048 ಬೈಟ್, ಅಲ್ಲಿಗೆ ಅರ್ಧ ಮುಗಿಯಿತು. ಅದಕ್ಕೇ ಯು8ಜಿ2 ಲೈಬ್ರರಿಯಲ್ಲಿ 128 ಬೈಟಿನಲ್ಲಿ ಒಂದೊಂದೇ ಪೇಜ್ ಬರೆದು ಕಳಿಸುವ ದಾರಿಯೂ ಇದೆ. ಮೆಮೊರಿ ಉಳಿಯುತ್ತೆ, ಆದರೆ ಪ್ರತಿ ಪೇಜಿಗೂ ಚಿತ್ರ ಬರೆಯುವ ಕೋಡು ಮೊದಲಿಂದ ಓಡಬೇಕು, ಸಮಯ ಜಾಸ್ತಿ. ಇದನ್ನು ‘ಪುಟ’ ಅಂದರೆ ಓದುವವರು ದಾರಿ ತಪ್ಪುತ್ತಾರೆ, ‘ಪಟ್ಟಿ’ ಅಂದರೆ ಲಿಸ್ಟ್ ಅಂದುಕೊಳ್ಳುತ್ತಾರೆ. ‘ಪಟ್ಟೆ’ ಅಂತ ಇಟ್ಟಿದ್ದೇನೆ. ‘ಪಟ್ಟೆ ಪಟ್ಟೆಯಾಗಿ ಬರೆಯುವುದು’ ಕಿವಿಗೂ ಸರಿ ಕೇಳಿಸುತ್ತೆ, ಅಲ್ವಾ? ಡೇಟಾಶೀಟ್ (ಚಿಪ್ಪಿನ ತಾಂತ್ರಿಕ ವಿವರದ ಕಡತ) ನೋಡುವವರಿಗಾಗಿ ಮೊದಲ ಸಲ ಮಾತ್ರ ಪೇಜ್ ಅಂತಲೂ ಹೇಳುತ್ತೇನೆ.

ಈಗ ಪ್ರಶ್ನೆ. ‘ಒಗ್ಗಿಸು’ ಪದಕ್ಕೆ ನಿಮ್ಮ ಕಡೆ ಬೇರೇನಾದರೂ ಅರ್ಥ ಇದೆಯಾ? ಕ್ರಿಯಾಪದವೇನೋ ಆಯಿತು, ‘ಇದು ಆ ಲೈಬ್ರರಿಯ ಪೋರ್ಟ್’ ಅನ್ನುವಲ್ಲಿ ನಾಮಪದ ಬೇಕಲ್ಲ, ಅಲ್ಲಿ ‘ಒಗ್ಗಿಕೆ’ ನಡೆಯುತ್ತಾ, ಇಲ್ಲಾ ‘ಒಗ್ಗಿಸಿದ ಆವೃತ್ತಿ’ ಅಂತ ಉದ್ದಕ್ಕೇ ಬರೆಯಬೇಕಾ?