ಶಂಟ್ ಹಾಕಿಸಬೇಕೇ, ಎಂಡೋಸ್ಕೋಪ್ ಚಿಕಿತ್ಸೆ ಸಾಕೇ?

ಪ್ರಶ್ನೆ: ನಮಸ್ಕಾರ ಡಾಕ್ಟರೇ. ನನ್ನ ಮಗಳಿಗೆ ಎರಡು ತಿಂಗಳು ಹತ್ತು ದಿನ. ಮೆದುಳಿನ ನೀರು ಇಳಿದುಹೋಗುವ ಕಿರುದಾರಿ ಹುಟ್ಟಿನಿಂದಲೇ ಮುಚ್ಚಿಕೊಂಡಿದೆ, ಆಕ್ವಿಡಕ್ಟಲ್ ಸ್ಟೆನೋಸಿಸ್ ಎಂದು ಎಂಆರ್‌ಐ ನೋಡಿ ಹೇಳಿದರು. ಎರಡು ವಾರಗಳಲ್ಲಿ ತಲೆಯ ಸುತ್ತಳತೆ ಮೂರು ಸೆಂಟಿಮೀಟರ್ ಹೆಚ್ಚಿದೆ. ನಮ್ಮ ವೈದ್ಯರು ನೀರು ಇಳಿಸುವ ನಳಿಕೆ, ಅಂದರೆ ಶಂಟ್ ಹಾಕಬೇಕು ಎನ್ನುತ್ತಾರೆ. ನಮ್ಮ ಭಾವನವರು ಮೊಬೈಲಿನಲ್ಲಿ ಏನೋ ನೋಡಿ, ಈಗ ಸಣ್ಣ ಕ್ಯಾಮೆರಾ ಸಾಧನವಾದ ಎಂಡೋಸ್ಕೋಪ್‌ನಲ್ಲಿ ರಂಧ್ರ ಮಾಡಿದರೆ ಸಾಕು, ಮೈಯೊಳಗೆ ನಳಿಕೆ ಇಡುವುದು ಹಳೆಯ ಕಾಲದ ಪದ್ಧತಿ ಎನ್ನುತ್ತಾರೆ. ಯಾರನ್ನು ನಂಬಲಿ?

ಉತ್ತರ (ಮಕ್ಕಳ ನರಶಸ್ತ್ರವೈದ್ಯ): ಹಳತು, ಹೊಸತು ಎಂಬ ಲೆಕ್ಕವನ್ನು ಮೊದಲು ಬಿಡೋಣ ತಾಯಿ. ಎಂಡೋಸ್ಕೋಪ್‌ನಿಂದ ಆ ರಂಧ್ರವನ್ನು ಮೊದಲ ಬಾರಿ ಮಾಡಿದ್ದು 1923ರಲ್ಲಿ. ಕವಾಟವಿರುವ ಶಂಟ್ ಬಳಕೆಗೆ ಬಂದದ್ದು 1950ರ ದಶಕದಲ್ಲಿ. ಅದರಲ್ಲೊಂದನ್ನು ರೂಪಿಸಿದವರು ಜಾನ್ ಹೋಲ್ಟರ್. ವೈದ್ಯರಲ್ಲ, ಯಂತ್ರ ಬಲ್ಲ ಒಬ್ಬ ತಂದೆ, ತಮ್ಮ ಮಗನಿಗಾಗಿ ಕವಾಟ ಮಾಡಲು ಹೊರಟವರು. ಹಾಗಾಗಿ ನಿಮ್ಮ ಭಾವನವರು ಹೊಸದೆಂದು ತಿಳಿದದ್ದೇ ಇವೆರಡರಲ್ಲಿ ಹಳೆಯದು.

ಕೇಳಬೇಕಾದ ಪ್ರಶ್ನೆ ಬೇರೆ: ಈ ಮಗುವಿಗೆ, ಈ ವಯಸ್ಸಿನಲ್ಲಿ ಯಾವುದು ನಿಲ್ಲುತ್ತದೆ? ಶಂಟ್ ಹೆಚ್ಚಾದ ನೀರನ್ನು ಕವಾಟದ ಮೂಲಕ, ಚರ್ಮದಡಿಯ ನಳಿಕೆಯಲ್ಲಿ ಹೊಟ್ಟೆಗೆ ಇಳಿಸುತ್ತದೆ. ಎಂಡೋಸ್ಕೋಪ್ ಚಿಕಿತ್ಸೆಯಲ್ಲಿ ಮೆದುಳಿನೊಳಗೆ ನೀರು ತುಂಬಿರುವ ಕುಹರಗಳಲ್ಲಿ ಮೂರನೆಯದರ ತಳದಲ್ಲಿ ರಂಧ್ರ ಮಾಡಿ, ಕಟ್ಟಿದ ದಾರಿಯನ್ನು ಬಿಟ್ಟು ಬೇರೆ ದಾರಿಯಿಂದ ನೀರು ಮೆದುಳಿನ ಹೊರಮೈಗೆ ಹೋಗುವಂತೆ ಮಾಡುತ್ತೇವೆ. ಆದರೆ ಹೊರಗೆ ಬಂದ ನೀರನ್ನು ರಕ್ತ ಹೀರಿಕೊಳ್ಳಬೇಕು. ತೀರಾ ಎಳೆಯ ಮಕ್ಕಳಲ್ಲಿ ಅದು ಸಾಕಷ್ಟು ನಡೆಯದಿರಬಹುದು. ರಂಧ್ರ ಮತ್ತೆ ಮುಚ್ಚಿಕೊಳ್ಳುವುದೂ ಉಂಟು.

ರಂಧ್ರ ಎಷ್ಟರಮಟ್ಟಿಗೆ ಫಲಿಸೀತು ಎಂದು ಅಂದಾಜಿಸಲು ನಾವು ಬಳಸುವ ಒಂದು ಅಂಕಪಟ್ಟಿ ಇದೆ. ಒಂದರಿಂದ ಆರು ತಿಂಗಳೊಳಗಿನ ವಯಸ್ಸಿಗೆ 10, ನೀರು ತುಂಬಲು ನಿಮ್ಮ ಮಗಳಲ್ಲಿರುವ ಕಾರಣಕ್ಕೆ, ಅಂದರೆ ಮುಚ್ಚಿದ ಕಿರುದಾರಿಗೆ 30, ಹಿಂದೆ ಶಂಟ್ ಹಾಕಿಲ್ಲದ್ದಕ್ಕೆ 10, ಒಟ್ಟು 50. ಅಂದರೆ ಶಸ್ತ್ರಚಿಕಿತ್ಸೆಯಾದ ಮೇಲೆ ಆರು ತಿಂಗಳವರೆಗೆ ರಂಧ್ರ ಕೈಕೊಡದಿರುವ ಸಾಧ್ಯತೆ ಸುಮಾರು ಅರ್ಧಕ್ಕರ್ಧ. ನೀರು ಉತ್ಪಾದಿಸುವ ಅಂಗಾಂಶವನ್ನು ಅದೇ ಹೊತ್ತಿನಲ್ಲಿ ಸುಟ್ಟರೆ ಫಲ ಹೆಚ್ಚುತ್ತದೆ ಎಂದು ಉಗಾಂಡದ ಎಂಬಾಲೆಯಲ್ಲಿ ನರಶಸ್ತ್ರವೈದ್ಯ ಬೆಂಜಮಿನ್ ವಾರ್ಫ್ ತೋರಿಸಿದರು. 2005ರ ಅವರ ವರದಿಯಲ್ಲಿ ಒಂದು ವರ್ಷದೊಳಗಿನ ಮಕ್ಕಳಲ್ಲಿ ಬರೀ ರಂಧ್ರಕ್ಕೆ ಶೇ. 47, ಎರಡೂ ಸೇರಿದಾಗ ಶೇ. 66 ಯಶಸ್ಸು. ಆದರೆ ಅದಕ್ಕೆ ಪಳಗಿದ ಕೈ ಬೇಕು. ನಿಮ್ಮ ವೈದ್ಯರು ಅದನ್ನು ಮಾಡುತ್ತಾರೆಯೇ, ಎಷ್ಟು ಮಕ್ಕಳಿಗೆ ಮಾಡಿದ್ದಾರೆ ಎಂದು ಸಂಕೋಚವಿಲ್ಲದೆ ಕೇಳಿ. ಒಳ್ಳೆಯ ವೈದ್ಯರಿಗೆ ಈ ಪ್ರಶ್ನೆಯಿಂದ ಬೇಸರವಾಗುವುದಿಲ್ಲ.

ಶಂಟ್ ಕೂಡ ಒಮ್ಮೆ ಹಾಕಿ ಮರೆಯುವ ವಸ್ತುವಲ್ಲ. ಮಕ್ಕಳಿಗೆ ಹಾಕಿದ ಶಂಟ್‌ಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಎರಡು ವರ್ಷಗಳೊಳಗೆ ಕೆಟ್ಟು ರಿಪೇರಿಗೆ ಬರುತ್ತವೆ.

ಅದೇ ತಾಯಿ: ಒಂದು ವರ್ಷ ತುಂಬಿದರೆ ಅಂಕ ಹೆಚ್ಚುತ್ತದೆಯಲ್ಲವೇ? ಅಲ್ಲಿಯವರೆಗೆ ಕಾಯಬಹುದೇ?

ಉತ್ತರ: ಅಂಕ 80 ಆಗುತ್ತದೆ, ನಿಜ. ಆದರೆ ಕಾಯುವಷ್ಟು ಕಾಲವೂ ಮೆದುಳು ಒತ್ತಡದಲ್ಲಿರುತ್ತದೆ. ಈ ವಯಸ್ಸಿನಲ್ಲಿ ಎರಡು ವಾರಕ್ಕೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯಬೇಕಾದ ತಲೆ ಮೂರು ಬೆಳೆದಿದೆ. ನೆತ್ತಿ ಉಬ್ಬಿ ಬಿಗಿಯಾಗಿದ್ದರೆ, ಕಣ್ಣುಗುಡ್ಡೆ ಕೆಳಕ್ಕೆ ವಾಲಿ ಮೇಲೆ ಬಿಳಿ ಕಾಣುತ್ತಿದ್ದರೆ, ತಿಂಗಳ ಮಾತು ಹಾಗಿರಲಿ, ನಾಳೆಗೂ ಬಿಡಬೇಡಿ. ಶಂಟ್ ಹಾಕಿದ ಮಾತ್ರಕ್ಕೆ ಮುಂದೆ ಎಂಡೋಸ್ಕೋಪ್‌ನ ಬಾಗಿಲು ಮುಚ್ಚುವುದಿಲ್ಲ. ಅಂಕ ಹತ್ತು ಕಡಿಮೆಯಾಗುತ್ತದೆ, ಅಷ್ಟೇ. ರಂಧ್ರ ಕೆಲಸ ಮಾಡದಿದ್ದರೆ ಶಂಟ್ ಹಾಕುವ ದಾರಿಯೂ ತೆರೆದೇ ಇರುತ್ತದೆ.

ಇನ್ನೊಬ್ಬ ಸದಸ್ಯರು: ಸರ್, ನಡುವೆ ಬಂದದ್ದಕ್ಕೆ ಕ್ಷಮಿಸಿ. ನನ್ನ ಮಗನಿಗೆ ಎಂಟು ತಿಂಗಳು. ಬೆನ್ನುಹುರಿ ತೆರೆದುಕೊಂಡೇ ಹುಟ್ಟಿದ್ದ. ಬೆನ್ನು ಹೊಲಿದರು, ಶಂಟ್ ಹಾಕಿದರು. ನಿನ್ನೆಯಿಂದ ವಾಂತಿ, ಮಂಪರು. ಅಳುವಿನ ದನಿಯೂ ಕ್ಷೀಣವಾಗಿದೆ. ಜ್ವರವಿಲ್ಲ. ಹತ್ತಿರದ ಕ್ಲಿನಿಕ್‌ನಲ್ಲಿ ಅಜೀರ್ಣ ಎಂದರು.

ಉತ್ತರ: ಇದನ್ನು ಓದಿದ ಕೂಡಲೇ ನರಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಗೆ ಹೊರಡಿ. ಶಂಟ್ ಇರುವ ಮಗು ವಾಂತಿ ಮಾಡಿಕೊಂಡು ಮಂಕಾದರೆ, ಅಲ್ಲವೆಂದು ಖಚಿತವಾಗುವವರೆಗೆ ಶಂಟ್ ಕಟ್ಟಿದೆ ಎಂದೇ ತಿಳಿಯಬೇಕು. ಜ್ವರವಿಲ್ಲ ಎಂಬುದು ಸಮಾಧಾನದ ಮಾತಲ್ಲ. ಸೋಂಕಿಲ್ಲದೆಯೂ ನಳಿಕೆ ಕಟ್ಟುತ್ತದೆ. ಬೆನ್ನು ತೆರೆದು ಹುಟ್ಟಿದ ಮಕ್ಕಳಲ್ಲಿ ಸಾಮಾನ್ಯವಾಗಿ ಮೆದುಳಿನ ಹಿಂಭಾಗ ಕುತ್ತಿಗೆಯೊಳಕ್ಕೆ ಜಾರಿರುತ್ತದೆ. ಅಂಥವರಲ್ಲಿ ಒತ್ತಡ ಏರಿದರೆ ದನಿ ಕ್ಷೀಣಿಸಬಹುದು, ನುಂಗುವುದು ಕಷ್ಟವಾಗಬಹುದು, ಉಸಿರಿನಲ್ಲಿ ಗೊರಗೊರ ಸದ್ದು ಬರಬಹುದು. ದಾರಿಯಲ್ಲಿ ಉಸಿರಾಟದ ಮೇಲೆ ಕಣ್ಣಿಟ್ಟಿರಿ. ಶಸ್ತ್ರಚಿಕಿತ್ಸೆ ಬೇಕಾಗಬಹುದು, ಹಾಗಾಗಿ ಹಾಲು ಕೊಡುವ ಮುನ್ನ ಆಸ್ಪತ್ರೆಗೆ ಕರೆ ಮಾಡಿ ಕೇಳಿಕೊಳ್ಳಿ.

ಹಳೆಯ ಸ್ಕ್ಯಾನ್‌ಗಳನ್ನು ಮರೆಯದೆ ಒಯ್ಯಿರಿ. ಮಗು ಚೆನ್ನಾಗಿದ್ದಾಗ ಕುಹರಗಳು ಎಷ್ಟಿದ್ದವು ಎಂಬುದು ಕಾಣದಿದ್ದರೆ, ಇಂದಿನ ಚಿತ್ರದಲ್ಲಿ ಅವು ಹಿಗ್ಗಿವೆಯೇ ಎಂದು ಹೇಳುವುದು ನಮಗೂ ಕಷ್ಟ.